ಅಪ್‌ಡೇಟ್: ತಮ್ಮನ ಆಸ್ಪತ್ರೆ ಬಿಲ್ ಬಂತು, ಮಾತ್ರೆ ಖರ್ಚು ಬರಲಿಲ್ಲ

ಬೈಪೋಲಾರ್ (ಮನಸ್ಸಿನ ಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇರುವ ನನ್ನ ತಮ್ಮ 11 ದಿನ ಆಸ್ಪತ್ರೆಯಲ್ಲಿದ್ದ, ‘ಮಾನಸಿಕ ಕಾಯಿಲೆಗೆ ಕವರೇಜ್ ಇಲ್ಲ’ ಅಂತ ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಿರಸ್ಕರಿಸಿದೆ, ಏನು ಮಾಡಲಿ ಅಂತ ಕೇಳಿದ್ದೆ.

ನೀವು ಹೇಳಿದಂತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಸೆಕ್ಷನ್ ಹೆಸರಿಸಿ ಕಂಪನಿಗೇ ದೂರು ಕೊಟ್ಟೆ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದರಲ್ಲಿದೆ. 2021ರಲ್ಲಿ ದೆಹಲಿ ಹೈಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿತ್ತು. ಒಂದು ತಿಂಗಳಾದರೂ ಉತ್ತರವಿಲ್ಲ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ಬರೆದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ಕೊನೆಗೂ ಹಣ ಬಂತು. ಬ್ಯಾಂಕ್ ಮೆಸೇಜನ್ನು ಅಮ್ಮ ಎರಡು ಸಲ ಓದಿಸಿಕೊಂಡರು.

ಆದರೆ ತಮ್ಮನ ನಿಜವಾದ ಚಿಕಿತ್ಸೆ ನಡೆಯುವುದು ಮನೆಯಲ್ಲಿ. ದಿನಾ ಲಿಥಿಯಂ ಮಾತ್ರೆ, ಅದರ ಮಟ್ಟ ನೋಡಲು ಆಗಾಗ ರಕ್ತ ಪರೀಕ್ಷೆ, ಡಾಕ್ಟರ್ ಫೀಸು, ಕೌನ್ಸೆಲಿಂಗ್. ಫ್ರಿಜ್ ಮೇಲಿನ ಬಿಸ್ಕತ್ತಿನ ಡಬ್ಬಿ ತುಂಬಾ ಈ ರಸೀದಿಗಳೇ. ಒಂದಕ್ಕೂ ದುಡ್ಡಿಲ್ಲ. ಕಂಪನಿಯವರನ್ನು ಕೇಳಿದರೆ, ‘ಈ ಪಾಲಿಸಿಯಲ್ಲಿ ಸಕ್ಕರೆ ಕಾಯಿಲೆ ಮಾತ್ರೆಗೂ ಕೊಡುವುದಿಲ್ಲ, ಸಮಾನವಾಗಿಯೇ ಇದೆ ಅಲ್ವಾ?’ ಅಂದರು. ಕಾನೂನಿನ ಲೆಕ್ಕದಲ್ಲಿ ಅವರ ಮಾತು ಸರಿಯೇ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಆಸ್ಪತ್ರೆ ಸೇರಿದರೆ ಹಣ, ಸೇರದಂತೆ ನೋಡಿಕೊಂಡರೆ ಇಲ್ಲ.

ಹೊಸದಾಗಿ ಪಾಲಿಸಿ ಮಾಡಿಸುವವರು ಓಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ) ಖರ್ಚು ಸೇರಿದೆಯಾ, ಮನಸ್ಸಿನ ಕಾಯಿಲೆಗೆ ಬೇರೆ ಮಿತಿ ಹಾಕಿದ್ದಾರಾ ಅಂತ ನೋಡಿ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಹಾಗಂತ ಮುಚ್ಚಿಡಬೇಡಿ, ಆಮೇಲೆ ಅದೇ ನೆಪ ಹೇಳಿ ಕ್ಲೇಮ್ ತಳ್ಳುತ್ತಾರೆ.

ತಮ್ಮ ಈಗ ಕೆಲಸಕ್ಕೆ ಹೋಗುತ್ತಿದ್ದಾನೆ.