ಪ್ಲಾಸ್ಟಿಕ್ ಹಾಳೆಯ ಸೌರಕೋಶ: ಪೆಡಾಟ್-ಪಿಎಸ್ಎಸ್ ಪದರದ ದಪ್ಪ ಹೆಚ್ಚಿಸಿದರೆ ಸಾಕೇ?

ಪ್ರಶ್ನೆ:
ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾವಯವ ಸೌರಕೋಶವನ್ನು ಮುದ್ರಿಸುವ ಪ್ರಯತ್ನದಲ್ಲಿದ್ದೇನೆ. ಸಾಮಾನ್ಯವಾಗಿ ಪಾರದರ್ಶಕ ವಾಹಕವಾಗಿ ಬಳಸುವ ಇಂಡಿಯಮ್ ಟಿನ್ ಆಕ್ಸೈಡ್ ಲೇಪನವು ಬಾಗಿಸಿದಾಗ ಬಿರುಕು ಬಿಡುವುದರಿಂದ, ಪಾರದರ್ಶಕ ವಿದ್ಯುದ್ವಾರಕ್ಕೆ ಪೆಡಾಟ್-ಪಿಎಸ್ಎಸ್ ಎಂಬ ವಿದ್ಯುದ್ವಾಹಕ ಪಾಲಿಮರನ್ನು ಆರಿಸಿಕೊಂಡೆ. ಆದರೆ ಅದನ್ನು ಹಾಗೆಯೇ ಹಚ್ಚಿ ಒಣಗಿಸಿದರೆ ನಿರೋಧ ಚದರಕ್ಕೆ (ಯಾವುದೇ ಅಳತೆಯ ಚೌಕ ತುಂಡಿಗೆ) ಲಕ್ಷ ಓಮ್ ಮೀರುತ್ತದೆ. ಪದರವನ್ನು ದಪ್ಪಗೊಳಿಸುವುದೊಂದೇ ದಾರಿಯೇ?

ಉತ್ತರ 1:
ಅಲ್ಲ. ದಪ್ಪಗೊಳಿಸಿದರೆ ಪದರ ನೀಲಿಗಟ್ಟಿ, ಕೆಂಪು ಬೆಳಕನ್ನು ತಾನೇ ನುಂಗಿಬಿಡುತ್ತದೆ. ವಿದ್ಯುತ್ತನ್ನು ಒಯ್ಯುವುದು ಪೆಡಾಟ್. ಅದನ್ನು ನೀರಿನಲ್ಲಿ ಚದುರಿಸಿಡುವ ಪಿಎಸ್ಎಸ್ ನಿರೋಧಕ, ಅದರ ಪಾಲೇ ಹೆಚ್ಚು. ಮುದ್ರಿಸುವ ಮುನ್ನ ಶೇ 5ರಷ್ಟು ಡೈಮೀಥೈಲ್ ಸಲ್ಫಾಕ್ಸೈಡ್ ಅಥವಾ ಎಥಿಲೀನ್ ಗ್ಲೈಕಾಲ್ ದ್ರಾವಕವನ್ನು ಬೆರೆಸಿ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ, ಪೆಡಾಟ್ ಮತ್ತು ಪಿಎಸ್ಎಸ್ ಭಾಗಶಃ ಬೇರ್ಪಟ್ಟು ಪೆಡಾಟ್ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅಧಿಕ ವಾಹಕತೆಗೆಂದೇ ತಯಾರಿಸಿದ ಬಗೆಯಾದರೆ, ಸೆಂಟಿಮೀಟರಿಗೆ 1 ಸೀಮೆನ್ಸ್‌ಗಿಂತ ಕಡಿಮೆಯಿದ್ದ ವಾಹಕತೆ ಹಲವು ನೂರಕ್ಕೆ ಏರುತ್ತದೆ. ಈ ವಸ್ತು ಮೊದಲು ಹೆಚ್ಚಾಗಿ ಬಳಕೆಯಾದದ್ದು ಛಾಯಾಚಿತ್ರದ ಫಿಲ್ಮುಗಳಲ್ಲಿ ಸ್ಥಾಯಿ ವಿದ್ಯುತ್ತನ್ನು ತಡೆಯುವ ಲೇಪನವಾಗಿ. ಅಲ್ಲಿ ನಿಮ್ಮ ಲಕ್ಷ ಓಮ್ ಯಾರಿಗೂ ತೊಡಕಾಗುತ್ತಿರಲಿಲ್ಲ.

ಉತ್ತರ 2:
ಮೇಲಿನ ಸಲಹೆ ಸರಿ, ಆದರೆ ಸೌರಕೋಶಕ್ಕೆ ಅಷ್ಟೇ ಸಾಲದು. ವಾಹಕತೆ ಸೆಂಟಿಮೀಟರಿಗೆ 1000 ಸೀಮೆನ್ಸ್ ಮುಟ್ಟಿತೆಂದೇ ಇಟ್ಟುಕೊಂಡರೂ, 100 ನ್ಯಾನೋಮೀಟರ್ ಪದರದ ನಿರೋಧ ಚದರಕ್ಕೆ 100 ಓಮ್; ಗಾಜಿನ ಮೇಲಿನ ಇಂಡಿಯಮ್ ಟಿನ್ ಆಕ್ಸೈಡಿನದು 10ರಿಂದ 15. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹುಟ್ಟಿಸುವ ಕೋಶದಲ್ಲಿ ವಿದ್ಯುತ್ತು ಆ ಪದರದಲ್ಲಿ 1 ಸೆಂಟಿಮೀಟರ್ ಸಾಗಬೇಕಾದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಅಂದರೆ ಕೋಶ ಕೊಡುವುದರಲ್ಲಿ ಬಹುಪಾಲು. ಕುಸಿತ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, 3 ಮಿಲಿಮೀಟರಿಗೆ ಇಳಿಸಿದರೆ ನಷ್ಟ 45 ಮಿಲಿವೋಲ್ಟ್ ಮಾತ್ರ. ಆದ್ದರಿಂದ ಕೋಶವನ್ನು ಕಿರಿದಾದ ಪಟ್ಟಿಗಳಾಗಿ ವಿಭಜಿಸಿ, ಇಲ್ಲವೇ ಪಾಲಿಮರಿನ ಜೊತೆಗೆ ಬೆಳ್ಳಿಯ ತೆಳುಗೆರೆಗಳ ಜಾಲವನ್ನು ಮುದ್ರಿಸಿ; ಗೆರೆಗಳ ನೆರಳಿನಿಂದಾಗುವ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ. ಸ್ಪರ್ಶ ಸಂವೇದಕದಂತಹ ಕಡಿಮೆ ವಿದ್ಯುತ್ತಿನ ಮುದ್ರಿತ ಸಾಧನವಾಗಿದ್ದರೆ ಈ ತಾಪತ್ರಯವಿರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಪಟ್ಟಿಗಳ ಲೆಕ್ಕ ಸ್ಪಷ್ಟವಾಯಿತು, ಧನ್ಯವಾದಗಳು. ಬೆಳ್ಳಿಯ ಗೆರೆಗಳು ಈ ಪದರದೊಡನೆ ಬಾಳುತ್ತವೆಯೇ?

ಉತ್ತರ 3:
ತೇವವನ್ನು ದೂರವಿಟ್ಟರೆ ಬಾಳುತ್ತವೆ. ಪಿಎಸ್ಎಸ್ ಆಮ್ಲೀಯವೂ ಹೌದು, ಗಾಳಿಯ ತೇವವನ್ನು ಹೀರುವಂಥದ್ದೂ ಹೌದು. ಎರಡೂ ಸೇರಿದಾಗ ಲೋಹ ಸವೆಯತೊಡಗುತ್ತದೆ. ಮುದ್ರಿಸಿದ ಕೂಡಲೇ ಚೆನ್ನಾಗಿ ಒಣಗಿಸಿ, ತೇವ ನುಸುಳದ ಹಾಳೆಯಿಂದ ಮುಚ್ಚಿ. ಅಂಚುಗಳನ್ನು ವಿಶೇಷವಾಗಿ ಭದ್ರಪಡಿಸಿ, ಏಕೆಂದರೆ ನೀರು ಹೆಚ್ಚಾಗಿ ಒಳಹೊಗುವುದು ಅಲ್ಲಿಂದಲೇ.