ಕೈಕಾಲು ತೆಗೆಯಬೇಕಾದ ಪ್ರಸಂಗಗಳು: ನಮ್ಮ ಕಡೆಯ ಕಾರಣಗಳು ಬೇರೆಯೇ?

ಪ್ರಶ್ನೆ (ಹಾನಗಲ್):
ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತು, ನಮ್ಮ ಸೋದರಮಾವನವರ ಬಲಗಾಲನ್ನು ಕಳೆದ ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಅದೇ ವಾರ್ಡಿನಲ್ಲಿ ಗೋವಿನಜೋಳದ ರಾಶಿ ಯಂತ್ರಕ್ಕೆ ಕೈ ಸಿಕ್ಕಿದ್ದ ಯುವಕನೂ, ಮುರಿದ ಕೈಗೆ ಊರಲ್ಲಿ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡು ಆ ಕೈಯನ್ನೇ ಕಳೆದುಕೊಂಡ ಶಾಲಾ ಬಾಲಕನೂ ಇದ್ದರು. ಶ್ರೀಮಂತ ದೇಶಗಳಲ್ಲಿ ಇದು ಬಹುತೇಕ ವಯಸ್ಸಾದವರಿಗೆ ಬರುವ ಕಷ್ಟವೆಂದು ಓದಿದ್ದೇನೆ. ನಮ್ಮಲ್ಲಿ ಎಳೆಯರೇ ಇಷ್ಟು ಕಾಣುವುದೇಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಹುಬ್ಬಳ್ಳಿ, ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಬಹುಕಾಲ ದುಡಿದವನು):
ನೀವು ಕಂಡ ವಾರ್ಡು ನೈಜೀರಿಯಾ, ತಾಂಜಾನಿಯಾಗಳಲ್ಲಿಯೂ ಹೀಗೆಯೇ ಇರುತ್ತದೆ. ಶ್ರೀಮಂತ ದೇಶಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತನಾಳ ಕಟ್ಟಿಕೊಳ್ಳುವುದು ಮುಖ್ಯ ಕಾರಣಗಳಾದರೆ, ನಮ್ಮಲ್ಲಿ ಅವುಗಳ ಜೊತೆಗೆ ರಸ್ತೆ ಅಪಘಾತ, ಯಂತ್ರದ ಗಾಯ ಮತ್ತು ತಡವಾಗಿ ತೋರಿಸಿದ ಸೋಂಕು ಸೇರುತ್ತವೆ. ಆದ್ದರಿಂದಲೇ ದುಡಿಯುವ ವಯಸ್ಸಿನ ಗಂಡಸರು ಹೆಚ್ಚಾಗಿ ಕಾಣುತ್ತಾರೆ. ಬೀಡಿ ಸೇದುವ ಯುವಕರ ಬೆರಳುಗಳನ್ನು ತುದಿಯಿಂದ ಕಪ್ಪಾಗಿಸುವ ಬರ್ಗರ್ ಕಾಯಿಲೆಯೂ ಇದೆ. ತಂಬಾಕನ್ನು ಪೂರ್ತಿ ಬಿಡದೆ ಅದು ನಿಲ್ಲುವುದಿಲ್ಲ.

ಆ ಬಾಲಕನ ಸಂಗತಿ ನನ್ನನ್ನು ಬಹಳ ನೋಯಿಸಿತು. ಎಲುಬು ಮುರಿದ ಜಾಗ ಮೊದಲ ದಿನಗಳಲ್ಲಿ ಬಾತುಕೊಳ್ಳುತ್ತದೆ. ಆಗ ಬಿದಿರಿನ ದಬ್ಬೆ ಇಟ್ಟು ಸುತ್ತ ಬಿಗಿದರೆ, ಬಾವು ಹೊರಗೆ ಹಿಗ್ಗಲಾರದೆ ಒಳಗಿನ ಒತ್ತಡ ಏರಿ ರಕ್ತಸಂಚಾರ ನಿಲ್ಲುತ್ತದೆ, ಸುಮಾರು 6 ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಕಟ್ಟಿದ ಮೇಲೆ ನೋವು ಇಳಿಯದೆ ಏರಿದರೆ, ಬೆರಳು ಜೋಮು ಹಿಡಿದರೆ, ಬೆರಳನ್ನು ನೀಡಿ ಹಿಡಿದಾಗ ತಡೆಯಲಾರದಷ್ಟು ನೋವಾದರೆ, ನಡುರಾತ್ರಿಯಾದರೂ ಪಟ್ಟಿ ಬಿಚ್ಚಿಸಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಎಲುಬು ಕಟ್ಟುವವರನ್ನು ಬೈಯುವುದಕ್ಕಿಂತ ಈ ಲಕ್ಷಣಗಳನ್ನು ಅವರಿಗೇ ಕಲಿಸುವುದು ಹೆಚ್ಚು ಕೈಗಳನ್ನು ಉಳಿಸುತ್ತದೆಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ (ಗದಗ, ಶುಶ್ರೂಷಕಿ):
ಮಾವನವರ ಇನ್ನೊಂದು ಪಾದವನ್ನು ಇಂದಿನಿಂದಲೇ ನೋಡಿಕೊಳ್ಳಿರಿ. ಸ್ಪರ್ಶಜ್ಞಾನ ಹೋದ ಅಂಗಾಲಿಗೆ ಜಾಲಿಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ನೋವಿಲ್ಲವೆಂದು ಎರೆಹೊಲದಲ್ಲಿ ಬರಿಗಾಲಲ್ಲೇ ನಡೆದು, ಗಾಯ ನಾರತೊಡಗಿದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಪ್ರತಿ ರಾತ್ರಿ ಮನೆಯವರೊಬ್ಬರು ಅಂಗಾಲನ್ನೂ ಬೆರಳ ಸಂದುಗಳನ್ನೂ ದೀಪದ ಬೆಳಕಿನಲ್ಲಿ ನೋಡಬೇಕು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ತಿಳಿಯುತ್ತದೆಯೇ ಎಂದು ಕೇಳುವ ಸ್ಪರ್ಶ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.

ಉತ್ತರ (ಧಾರವಾಡ):
ಮಂಡಿ ಉಳಿದಿರುವುದು ದೊಡ್ಡ ಸಮಾಧಾನ, ಏಕೆಂದರೆ ಕೃತಕ ಕಾಲಿನಲ್ಲಿ ನಡೆಯಲು ಬೇಕಾಗುವ ಶ್ರಮ ಬಹಳ ಕಡಿಮೆಯಾಗುತ್ತದೆ. 1968ರಲ್ಲಿ ರೂಪುಗೊಂಡ ಜೈಪುರ ಪಾದದಲ್ಲಿ ಬರಿಗಾಲಿನಂತೆ ಕೆಸರಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂಡಬಹುದು. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ನಲ್ಲಿ ವಿಚಾರಿಸಿರಿ. ಅಲ್ಲಿಯವರೆಗೆ ಮಂಡಿಯ ಕೆಳಗೆ ದಿಂಬು ಇಡಬೇಡಿರಿ. ಮಡಚಿದ ಮಂಡಿ ಹಾಗೆಯೇ ಸೆಟೆದರೆ ಕೃತಕ ಕಾಲು ಕೂಡುವುದಿಲ್ಲ.