ಬಲೆಯೊಳಗೆ ಟರ್ಕಿ ಕೋಳಿ: ಸಾಕಿದವರು ಏನು ಹೇಳುತ್ತೀರಿ?

ಬದಿಯಡ್ಕದಿಂದ ಪ್ರಶ್ನೆ:
ಮನೆಯ ಹಿಂದೆ ಐದಾರು ಟರ್ಕಿ ಸಾಕುವ ಮನಸ್ಸಿದೆ. ಒಂದು ಬದಿಯಲ್ಲಿ ನೆರೆಯವರ ತರಕಾರಿ, ಇನ್ನೊಂದು ಬದಿಯಲ್ಲಿ ರಸ್ತೆ; ಬಿಟ್ಟು ಮೇಯಿಸುವಂತಿಲ್ಲ. ಊರಕೋಳಿಗಳ ಗೂಡು, ಅದರ ಮುಂದೆ ಬಲೆ ಕಟ್ಟಿದ ಜಾಗ ಈಗಾಗಲೇ ಇದೆ. ಅದರೊಳಗೇ ಇವನ್ನೂ ಸೇರಿಸಬಹುದೇ? ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಬದುಕುತ್ತವೆಯೇ?

ಪೆರ್ಲದಿಂದ:
ಸೇರಿಸಬೇಡಿ. ಮಿಕ್ಕ ಮಾತೆಲ್ಲ ಆಮೇಲೆ. ಬ್ಲ್ಯಾಕ್‌ಹೆಡ್ (ಕಪ್ಪುತಲೆ) ಎಂಬ ಕಾಯಿಲೆಯ ಸೂಕ್ಷ್ಮಜೀವಿ ಕೋಳಿಯ ಕುರುಡುಕರುಳಿನಲ್ಲಿರುವ ಸಣ್ಣ ಹುಳುವಿನ ಮೊಟ್ಟೆಯೊಳಗೆ ಅಡಗಿಕೊಂಡು, ಹಿಕ್ಕೆಯೊಂದಿಗೆ ನೆಲಕ್ಕೆ ಬೀಳುತ್ತದೆ. ಆ ಮೊಟ್ಟೆಯನ್ನು ಎರೆಹುಳು ನುಂಗುತ್ತದೆ, ಎರೆಹುಳುವನ್ನು ಟರ್ಕಿ ನುಂಗುತ್ತದೆ. ಜೂನ್ ತಿಂಗಳಲ್ಲಿ ನಮ್ಮ ತೋಟಗಳಲ್ಲಿ ಎರೆಹುಳುಗಳಿಗೇನು ಬರವೇ? ಊರಕೋಳಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ, ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಟರ್ಕಿಗೆ ಮಾತ್ರ ಈಲಿಯೇ (ಲಿವರ್) ಕೆಟ್ಟು ಜೀವ ಹೋಗುತ್ತದೆ. ಮಣ್ಣಿನಲ್ಲಿ ಆ ಮೊಟ್ಟೆಗಳು ವರ್ಷಗಟ್ಟಲೆ ಉಳಿಯುವುದರಿಂದ, ಕೋಳಿಗಳನ್ನು ಮಾರಿ ಅದೇ ಜಾಗಕ್ಕೆ ಟರ್ಕಿ ಬಿಟ್ಟರೂ ಅಪಾಯ ತಪ್ಪಿದ್ದಲ್ಲ.

ತಲೆ ಕಪ್ಪಾಗಲಿ ಎಂದು ಕಾಯುತ್ತಾ ಕೂರಬೇಡಿ, ಬಹಳಷ್ಟು ಹಕ್ಕಿಗಳಲ್ಲಿ ಅದು ಆಗುವುದೇ ಇಲ್ಲ. ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿದ್ದರೆ, ಹಿಕ್ಕೆ ಗಂಧಕದಂತೆ ಹಳದಿಯಾಗಿದ್ದರೆ ಆ ದಿನವೇ ಪಶುವೈದ್ಯರನ್ನು ಕಾಣಬೇಕು. ಹುಳುವಿನ ಔಷಧವನ್ನೂ ಅವರ ಸಲಹೆಯಂತೆ ಕಾಲಕಾಲಕ್ಕೆ ಕೊಡಿಸಿ.

ನಮ್ಮಲ್ಲಿ ಗೂಡು ಇರುವುದು ಹಿಂದೆ ಅಡಿಕೆ ಒಣಗಿಸುತ್ತಿದ್ದ ಎತ್ತರದ ಅಂಗಳದಲ್ಲಿ. ಕೋಳಿ ಕೆದಕದ ಜಾಗ, ಕೆಳಗೆ ಮುರಕಲ್ಲಿನ ಹಾಸು, ಮೇಲೆ ಗೇಣುದ್ದ ಭತ್ತದ ಹೊಟ್ಟು. ಮಾಡು (ಸೂರು) ಬಲೆಯಿಂದ ಮೂರು ಅಡಿ ಹೊರಚಾಚಿದೆ, ಇಲ್ಲದಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಇರಿಚಲು ನೇರ ಒಳಕ್ಕೇ ಬರುತ್ತದೆ. ಟರ್ಕಿ ಚಳಿಯನ್ನು ತಡೆಯುತ್ತದೆ, ಒದ್ದೆ ನೆಲವನ್ನು ತಡೆಯುವುದಿಲ್ಲ. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ. ಉಂಡೆ ಕಟ್ಟಿ ಹಾಗೆಯೇ ನಿಂತರೆ ತೆಗೆದು ಹೊಸತು ಹಾಕುವ ಹೊತ್ತಾಯಿತು. ಹಳೆಯದು ತೆಂಗಿನ ಬುಡಕ್ಕೆ.

ಬಾಯಾರಿನಿಂದ:
ಪೆರ್ಲದವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ರೋಗ ಬರುವ ಮೊದಲೇ ಕಾಡುಬೆಕ್ಕು ಬಂದರೆ? ಪೇಟೆಯಲ್ಲಿ ಸಿಗುವ ಆರು ಮೂಲೆಯ ತೆಳು ಕೋಳಿಬಲೆ ಹಕ್ಕಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಕೆಳಗಿನ ಮೂರು ಅಡಿಗೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿ. ಬುಡದಲ್ಲಿ ಅದನ್ನು ಹೊರಕ್ಕೆ ಮಡಚಿ, ಒಂದೂವರೆ ಅಡಿ ನೆಲದ ಮೇಲೆ ಹಾಸಿ ಕಲ್ಲು ಹೇರಿ. ತೋಡಲು ಬಂದ ನರಿಯ ಉಗುರಿಗೆ ಮೊದಲು ಸಿಗುವುದು ಕಬ್ಬಿಣ. ಹೆಬ್ಬಾವಿನ ಭಯವಿರುವವರು ಮಾಡಿನ ಸಂದುಗಳನ್ನೂ ನೋಡಿಕೊಳ್ಳಿ.

ಜಾಗದಲ್ಲಿ ಜಿಪುಣತನ ಬೇಡ. ಬೆಳೆದ ಗಂಡು ಏಳೆಂಟು ಕಿಲೋ ತೂಗುತ್ತದೆ. ಹೊರಗೆ ಬಿಡುವುದೇ ಇಲ್ಲವೆಂದಾದರೆ ಒಂದಕ್ಕೆ ಇಪ್ಪತ್ತು ಚದರ ಅಡಿಯಾದರೂ ಇರಲಿ. ಕೂರುವ ಕೋಲು ತೋಳಿನಷ್ಟು ದಪ್ಪ, ಎರಡೂವರೆ ಅಡಿಗಿಂತ ಎತ್ತರ ಬೇಡ. ಭಾರದ ಹಕ್ಕಿ ಮೇಲಿನಿಂದ ಧುಮುಕಿದರೆ ಕಾಲು ಕುಂಟುತ್ತದೆ. ತಗಡಿನ ಮಾಡಾದರೆ ಮಾರ್ಚ್‌ನಿಂದ ಅಡಿಕೆ ಸೋಗೆ ಹೊದಿಸಿ.

ಮುಳ್ಳೇರಿಯದಿಂದ:
ಮೊದಲ ಸಲವಾದರೆ ತಿಂಗಳು ದಾಟಿದ ಮರಿಗಳನ್ನೇ ತನ್ನಿ. ಕೊಲ್ಲಂ ಜಿಲ್ಲೆಯ ಕುರೀಪುಳದಲ್ಲಿ ಕೇರಳ ಪಶುಸಂಗೋಪನಾ ಇಲಾಖೆಯ ಟರ್ಕಿ ಸಾಕಣೆ ಕೇಂದ್ರವಿದೆ, ವಿಚಾರಿಸಿ. ಎಳೆಯ ಮರಿಗಳಿಗೆ ತಿನ್ನಲು ಗೊತ್ತಾಗುವುದೇ ನಿಧಾನ. ಎದುರಿಗೆ ಆಹಾರವಿದ್ದರೂ ಹಸಿದು ಸಾಯುವಷ್ಟು ಪೆದ್ದು. ತಟ್ಟೆಯಲ್ಲಿ ಬಣ್ಣದ ಗೋಲಿಗಳನ್ನು ಹಾಕಿದರೆ ಹೊಳಪಿಗೆ ಕುಕ್ಕಿ ಅಭ್ಯಾಸವಾಗುತ್ತದೆ. ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಬೆರೆಸಿ. ಮೊದಲ ವಾರಗಳಲ್ಲಿ ಆಹಾರದಲ್ಲಿ ಶೇಕಡಾ 28ರಷ್ಟು ಪ್ರೋಟೀನ್ ಬೇಕು, ಮಾಂಸದ ಕೋಳಿಗೆ ಕೊಡುವುದು ಸಾಲದು.

ಮಂಜೇಶ್ವರದಿಂದ:
ಐದು ಹೆಣ್ಣಿಗೆ ಒಂದೇ ಗಂಡು ಸಾಕು. ಎರಡಿದ್ದರೆ ಬಲೆಯೊಳಗೆ ದಿನವೂ ಕಾಳಗ, ಹೆಣ್ಣುಗಳ ಬೆನ್ನಿನ ಪುಕ್ಕವೂ ಉಳಿಯುವುದಿಲ್ಲ. ಬೇಸರ ಬಂದರೆ ಒಂದರ ಪುಕ್ಕವನ್ನು ಇನ್ನೊಂದು ಕೀಳುತ್ತದೆ. ಅದಕ್ಕೆ ನುಗ್ಗೆಸೊಪ್ಪು, ಬಸಳೆಯ ಕಟ್ಟುಗಳನ್ನು ಕೊಕ್ಕಿನ ಮಟ್ಟಕ್ಕೆ ನೇತು ಹಾಕುತ್ತೇನೆ. ಇನ್ನು ಸದ್ದು: ಗುಡುಗಿದರೂ ಬಸ್ಸಿನ ಹಾರ್ನ್ ಕೇಳಿದರೂ ಗಂಡು ಉತ್ತರ ಕೊಡುತ್ತದೆ. ನೆರೆಯವರಿಗೆ ಮೊದಲೇ ಹೇಳಿಡಿ.

ಬದಿಯಡ್ಕದಿಂದ:
ಹಾಗಾದರೆ ಹೊಸ ಜಾಗವನ್ನೇ ನೋಡುತ್ತೇನೆ. ಮುಂದೆ ಮೊಟ್ಟೆಯಿಟ್ಟಾಗ ಊರಕೋಳಿಯ ಅಡಿಯಲ್ಲಿ ಕಾವಿಗೆ ಇಡಬಹುದೇ?

ಪೆರ್ಲದಿಂದ:
ಇಡಬಹುದು. ದೊಡ್ಡ ಮೊಟ್ಟೆ, ಐದಾರಕ್ಕಿಂತ ಹೆಚ್ಚು ಬೇಡ. ಕೋಳಿಮೊಟ್ಟೆಗೆ 21 ದಿನವಾದರೆ ಇದಕ್ಕೆ 28. ತಾಯಿಕೋಳಿ ನಡುವೆ ಎದ್ದು ಹೋಗದ ಜಾತಿಯದ್ದಾಗಿರಬೇಕು. ಒಡೆದು ಮೈ ಒಣಗಿದ ಕೂಡಲೇ ಮರಿಗಳನ್ನು ಅದರಿಂದ ಬೇರ್ಪಡಿಸಿ ಬಲ್ಬಿನ ಬಿಸಿಗೆ ಸೇರಿಸಿ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾ ಬನ್ನಿ. ತಾಯಿಕೋಳಿ ಒಂದೆರಡು ದಿನ ಗೋಳಾಡುತ್ತದೆ. ಆದರೂ ಅದರ ಹಿಂದೆ ಅಂಗಳ ಕೆದಕಲು ಮರಿಗಳನ್ನು ಬಿಡಬೇಡಿ.